ಅಳಿಯನ ಓವರ್‌ಟೇಕು

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ. ನಮ್ಮ ಮನೆಗೆ ಈಗ ಹೇಳಲಿರುವಂಥ ಪ್ರಸಂಗಗಳು ಬರುತ್ತವೆ, ಬಂದವು ಉಳಿದುಕೊಳ್ಳುತ್ತವೆ. ಇವುಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವನು ಅಜ್ಜಂಪುರದ ಬೈಕ್ ಗ್ಯಾರೇಜಿನ ಮೇಸ್ತ್ರಿ. ಅದರಲ್ಲಿ ಉಪ್ಪು ಖಾರ ಹೆಚ್ಚಾಗಿದ್ದರೆ ಅವನನ್ನೇ ಕೇಳಬೇಕು. ಮಿಕ್ಕವಕ್ಕೆ ನಾನೇ ಸಾಕ್ಷಿ.

ನನ್ನ ಅಳಿಯನಿಗೆ ಕಡೂರಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಶಿವನ ದಯೆಯಿಂದ ವ್ಯಾಪಾರ ಚೆನ್ನಾಗಿದೆ. ಬುದ್ಧಿಯ ಕಡೆಗೂ ಸ್ವಲ್ಪ ದಯೆ ತೋರಪ್ಪಾ ಎಂದು ನಾನು ದಿನವೂ ಪೂಜೆಯಲ್ಲಿ ಕೇಳಿಕೊಳ್ಳುತ್ತೇನೆ. ಹೋದ ವರ್ಷ ಒಂದು ಕೆಂಪು ಬೈಕು ತಂದ. ಅದರ ಮೇಲೆ ಕೂತವನ ತಲೆಗಿಂತ ಬೆನ್ನೇ ಮೇಲಿರುತ್ತದೆ. ತಂದವನೇ ಟ್ರ್ಯಾಕ್ ಡೇಗೆ ಹೋಗುತ್ತೇನೆ ಅಂದ.

“ಹಂಗಂದ್ರೇನಪ್ಪಾ?” ಅಂದೆ.

“ತಮಿಳುನಾಡಿನ ಕಡೆ ರೇಸಿನ ರಸ್ತೆ ಐತೆ ಮಾವ. ದುಡ್ಡು ಕಟ್ಟಿದ್ರೆ ಬೆಳಗಿಂದ ಸಂಜೆವರೆಗೂ ಸುತ್ತು ಹೊಡೀಬೌದು.”

“ಹೊಡೆದು ಎಲ್ಲಿಗೆ ಹೋಗ್ತೀಯ?”

“ಎಲ್ಲಿಗೂ ಇಲ್ಲ. ಹೊರಟಲ್ಲಿಗೇ ಬರೋದು.”

ನಮ್ಮ ತಾತನ ಎತ್ತು ಗಾಣದಲ್ಲಿ ಇದನ್ನೇ ಮಾಡುತ್ತಿತ್ತು. ಅದರಿಂದ ಎಣ್ಣೆಯಾದರೂ ಬರುತ್ತಿತ್ತು.

ನನ್ನ ಮಗಳು ತಡೆಯಲಿಲ್ಲ, ಷರತ್ತು ಹಾಕಿದಳು. “ಹೋಗಿ. ಆದ್ರೆ ಅಲ್ಲಿ ನೀವು ಬಿದ್ರೆ, ಗಾಡಿಗೆ ಒಂದು ಗೀರು ಆದ್ರೂ ಸರಿ, ಬಂದ ದಿನಾನೇ ಮಾರಿಬಿಡ್ಬೇಕು. ಅಪ್ಪಾಜಿ ಜೊತೇಲಿ ಬತ್ತಾರೆ. ನಡೆದಿದ್ದನ್ನ ಲಿಂಗ ಮುಟ್ಟಿ ಹೇಳ್ತಾರೆ.”

ನನ್ನನ್ನು ಯಾರೂ ಕೇಳಲಿಲ್ಲ. ಲಿಂಗ ಕಟ್ಟಿಕೊಂಡವನ ಬಾಯಿ ಮನೆಮಂದಿಯ ಜಂಟಿ ಆಸ್ತಿ.

ಹಲ್ಲಿನ ವಿಚಾರ

ಇದು ಮೇಸ್ತ್ರಿ ಹೇಳಿದ್ದು; ರಸ್ತೆಯಲ್ಲಿ ನಡೆದದ್ದು ಅವನ ಕಿವಿಗೂ ಆಮೇಲೆ ಬಿದ್ದದ್ದು. ಚೈನು ಕೂರುವ ಹಲ್ಲುಚಕ್ರವನ್ನು ಬದಲಾಯಿಸಬೇಕು, ಹಿಂದೆ ದೊಡ್ಡದು ಹಾಕು ಎಂದು ಅಳಿಯ ಹೋಗಿ ಕೂತನಂತೆ.

“ಹಲ್ಲು ಜಾಸ್ತಿ ಆದ್ರೆ ಎಳೆತ ಬತ್ತದೆ, ಓಟ ಹೋಯ್ತದೆ ಕಣ್ರೀ. ಎರಡೂ ಒಟ್ಟಿಗೆ ಸಿಗಲ್ಲ,” ಅಂದನಂತೆ ಮೇಸ್ತ್ರಿ.

“ತಿರುವಿಂದ ಆಚೆ ಬರುವಾಗ ಎಳೆತಾನೇ ಬೇಕು. ನಾನು ವಿಡಿಯೋ ನೋಡಿದೀನಿ.”

ಮೇಸ್ತ್ರಿ ವಿಡಿಯೋ ನೋಡಿರಲಿಲ್ಲ. ಆದ್ದರಿಂದ ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಾಕಿ ಕಳಿಸಿದ. ಬೀರೂರಿನ ಕಡೆಗೆ ನೇರ ರಸ್ತೆ. ತಿರುವಿಗಾಗಿ ಮಾಡಿಸಿದ ಗಾಡಿಗೆ ತಿರುವೇ ಸಿಗಲಿಲ್ಲ. ಮೊದಲ ಫರ್ಲಾಂಗಿಗೇ ಎಲ್ಲ ಗೇರೂ ಮುಗಿದುಹೋಗಿ ಇಂಜಿನ್ನು ಅರಚತೊಡಗಿತು. ಅಳಿಯ ಹೆದರಿ ನಿಧಾನ ಮಾಡಿದ. ಬಸ್ಸು ದಾಟಿತು, ಈರುಳ್ಳಿ ಟೆಂಪೋ ದಾಟಿತು. ಕೊನೆಗೆ ಹಾಲಿನ ಕ್ಯಾನು ಕಟ್ಟಿದ್ದ ಮೊಪೆಡ್ಡಿನವನು ಪಕ್ಕಕ್ಕೆ ಬಂದು ಹೇಳಿದ:

“ಮೇಲಿನ ಗೇರ್ ಹಾಕಣ್ಣ, ಪಾಪ ಅಳ್ತಾ ಐತೆ.”

“ಇದಕ್ಕಿಂತ ಮೇಲೆ ಇಲ್ಲ ಕಣೋ.”

“ನಮ್ದಕ್ಕೂ ಇಲ್ಲ. ಆದ್ರೆ ನಮ್ದು ಅಳಲ್ಲ,” ಎಂದು ಹಾಲಿನವನು ಮುಂದೆ ಹೋದ.

ಬುಕ್ಕಾಂಬುಧಿ ಏರಿಯ ಮೇಲೆ

ಆಮೇಲೆ ಓವರ್‌ಟೇಕಿನ ಅಭ್ಯಾಸ. ಇದಕ್ಕೆ ಒಬ್ಬ ನಿಧಾನದ ಸವಾರ ಬೇಕಿತ್ತು. ನನ್ನನ್ನು ಆರಿಸಿದ್ದರಲ್ಲಿ ಅಳಿಯನ ವಿವೇಕವನ್ನು ನಾನು ಮೆಚ್ಚುತ್ತೇನೆ. ನನ್ನ ಹಳೆಯ ಬೈಕಿನಲ್ಲಿ ಕೆರೆ ಏರಿಯ ಮೇಲೆ ಮುಂದೆ ಹೊರಟೆ. ಹಿಂದೆ ಸದ್ದಾದ ಕೂಡಲೇ ರೂಢಿಯಂತೆ ಎಡಕ್ಕೆ ಸರಿದು, ಬಾ ಬಾ ಎಂದು ಕೈ ಬೀಸಿದೆ.

“ಟ್ರ್ಯಾಕಲ್ಲಿ ಹಂಗೆ ಜಾಗ ಬಿಡಬಾರ್ದು ಮಾವ. ಮುಂದಿನವನು ತಿರುಗಿ ನೋಡ್ಬಾರ್ದು, ತನ್ನ ದಾರೀಲಿ ತಾನು ಹೋಗ್ತಿರ್ಬೇಕು. ಹುಷಾರಾಗಿ ದಾಟೋ ಜವಾಬ್ದಾರಿ ಪೂರಾ ಹಿಂದಿನವಂದು.”

ಸರಿಯಪ್ಪಾ ಎಂದು ನನ್ನ ದಾರಿಯಲ್ಲಿ ನಾನು ಹೋದೆ. ಏರಿಯ ಪಕ್ಕದಲ್ಲಿ ಒಂದು ಈಶ್ವರನ ಗುಡಿ. ಎಂದಿನಂತೆ ಗಾಡಿ ನಿಲ್ಲಿಸಿ ಕೈಮುಗಿದೆ. ಹಿಂದೆ ಟೈರು ಉಜ್ಜಿದ ಸದ್ದು. ಕಣ್ಣು ಬಿಟ್ಟು ನೋಡಿದರೆ ಅಳಿಯನ ಮುಂದಿನ ಚಕ್ರ ನನ್ನ ನಂಬರ್ ಪ್ಲೇಟಿಗೆ ಮುತ್ತಿಡುವಷ್ಟು ಹತ್ತಿರ.

“ಓವರ್‌ಟೇಕ್ ಮಾಡೋವಾಗ ಯಾರಾದ್ರೂ ನಿಲ್ತಾರಾ ಮಾವ?”

“ಗುಡಿ ಎಲ್ಲೈತೆ ಅಂತ ನಿಂಗೂ ಗೊತ್ತು,” ಅಂದೆ. “ಜವಾಬ್ದಾರಿ ಹಿಂದಿನವಂದು ಅಂತ ಹೇಳಿದ್ದೂ ನೀನೇ.”

ತಪಾಸಣೆ

ಗೂಡ್ಸ್ ಟೆಂಪೋದಲ್ಲಿ ಬೈಕನ್ನು ಮದುಮಗನ ಹಾಗೆ ಕೂರಿಸಿಕೊಂಡು ಟ್ರ್ಯಾಕಿಗೆ ಹೋದೆವು. ಅಲ್ಲಿ ಗಾಡಿ ನೋಡಿ, ಪಾಠ ಹೇಳಿ ಒಳಗೆ ಬಿಡುವ ಒಬ್ಬ ಮೇಷ್ಟ್ರು, ನಮ್ಮ ಪುಣ್ಯಕ್ಕೆ ಕನ್ನಡದವರು. ಕನ್ನಡಿ ಬಿಚ್ಚಿಸಿದರು. ಬ್ರೇಕಿನ ತಟ್ಟೆ ಮುಟ್ಟಿ ಬೆರಳು ನೋಡಿಕೊಂಡರು.

“ಏನಿದು ಬಿಳೀದು?”

“ವಿಭೂತಿ. ಮಗಳು ಹೊರಡುವಾಗ ಪೂಜೆ ಮಾಡಿದಾಳೆ,” ಅಂದೆ.

“ಯಜಮಾನ್ರೇ, ಬ್ರೇಕಿಗೆ ಹಚ್ಚಿದ್ರೆ ಗಾಡಿ ನಿಲ್ಲಲ್ಲ.”

“ಮಾರೋ ಯೋಚನೆ ಅವಳಿಗೆ ಮೊದಲಿಂದ ಇತ್ತು,” ಎಂದು ಅಳಿಯ ಮೆಲ್ಲಗೆ ಹೇಳಿದ.

ಕಾವಿ ಕೋಟು

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ತರೀಕೆರೆ ರಸ್ತೆಯಲ್ಲಿ ಮಠದ ಸ್ವಾಮಿಗಳ ಕಾರು ಹೋಗುತ್ತಿದ್ದರೆ ನಮ್ಮವರು ಯಾರೂ ಅದನ್ನು ದಾಟುವುದಿಲ್ಲ. ಅವರು ಎತ್ತಿನಗಾಡಿಯ ವೇಗದಲ್ಲಿ ಹೋದರೆ ನಮ್ಮದೂ ಅದೇ ವೇಗ. ಆಸ್ಪತ್ರೆಗೆ ಹೊರಟವರು ಮಾತ್ರ ಕೈಮುಗಿದುಕೊಂಡು ದಾಟುತ್ತಾರೆ.

ಅಳಿಯ ಟ್ರ್ಯಾಕಿಗೆ ಇಳಿದ. ಅವನ ಮುಂದೆ ಹೆಲ್ಮೆಟ್ಟಿನಿಂದ ಬೂಟಿನವರೆಗೆ ಕಾವಿ ಬಣ್ಣದ ಚರ್ಮದ ಉಡುಪಿನ ದಪ್ಪನೆಯ ಸವಾರರೊಬ್ಬರು. ಅಳಿಯನಿಗೆ ಎಳೆತ ಇತ್ತು, ಜಾಗ ಇತ್ತು, ಕೈ ಮಾತ್ರ ಬರಲಿಲ್ಲ. ಹಿಂದೆಯೇ ಹೋದ. ಹಿಂದೆ ಅರಚುವ ಇಂಜಿನ್ನು ಕೇಳಿ, ಯಾರೋ ಬಹಳ ಅವಸರದಲ್ಲಿದ್ದಾರೆ ಎಂದು ಅವರು ನಿಧಾನ ಮಾಡಿದರು. ಅವರು ನಿಧಾನ ಮಾಡಿದರೆಂದು ಇವನೂ ಮಾಡಿದ. ಅವರು ಇನ್ನೂ ನಿಧಾನ, ಇವನು ಅದಕ್ಕಿಂತ ನಿಧಾನ. ಉಳಿದವರೆಲ್ಲ ಇಬ್ಬರನ್ನೂ ದಾಟಿ ದಾಟಿ ಬೇಸತ್ತರು. ಕೊನೆಗೆ ಆ ಮೆರವಣಿಗೆ ನೋಡಿ, ಎರಡು ಗಾಡಿಯೂ ಕೆಟ್ಟಿವೆ ಎಂದುಕೊಂಡು ಬಾವುಟದವನು ಎಚ್ಚರಿಕೆಯ ಹಳದಿ ಬಾವುಟ ಬೀಸಿದ.

ಹೊರಗೆ ಬಂದ ಮೇಲೆ ಕಾವಿಯವರು ಹೆಲ್ಮೆಟ್ ತೆಗೆದರು. “ಏನ್ ಸ್ವಾಮಿ, ನಿಮಗೆ ಜಾಗ ಕೊಟ್ಟು ಕೊಟ್ಟೇ ನನ್ನ ದುಡ್ಡು ದಂಡ ಆಯ್ತು. ಯಾಕೆ ದಾಟ್ಲಿಲ್ಲ?”

“ನಿಮ್ಮ ಬಟ್ಟೆ ನೋಡಿ ಮನಸ್ಸು ಒಪ್ಪಲಿಲ್ಲ,” ಅಂದ ಅಳಿಯ, ಅರ್ಧ ಬಗ್ಗಿ.

“ಇದಾ? ನಮ್ಮ ಹೋಟ್ಲು ಬೋರ್ಡಿನ ಬಣ್ಣ ಕಣ್ರೀ. ದಾವಣಗೆರೇಲಿ ಬಿರಿಯಾನಿ ಹೋಟ್ಲು. ಬನ್ನಿ ಒಂದ್ಸಲ, ಮಟನ್ ಚೆನ್ನಾಗಿರ್ತದೆ.”

ಮೇಷ್ಟ್ರು ಮಾತ್ರ ಅಳಿಯನ ಬೆನ್ನು ತಟ್ಟಿದರು. ಖಾತ್ರಿಯಿಲ್ಲದೆ ದಾಟಬಾರದು ಎಂಬ ಪಾಠವನ್ನು ಇಷ್ಟು ಭಕ್ತಿಯಿಂದ ಪಾಲಿಸಿದವರನ್ನು ಅವರು ಕಂಡಿರಲಿಲ್ಲವಂತೆ.

ಮನೆ ಬಾಗಿಲಲ್ಲೇ ಮಗಳು ಬೈಕಿನ ಸುತ್ತ ಬಂದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಲಿಂಗದ ಮೇಲೆ ಕೈಯಿಟ್ಟೆ.

“ಬಿದ್ರಾ?”

“ಇಲ್ಲ.”

“ಗೀರು?”

“ಇಲ್ಲ.”

“ಎಷ್ಟು ಜನಾನ ದಾಟಿದ್ರು?”

“ಒಬ್ಬರನ್ನೂ ಇಲ್ಲಮ್ಮ,” ಎಂದು, ಲಿಂಗದ ಮೇಲಿನ ಕೈ ತೆಗೆಯಲಾಗದೆ ಕಾವಿ ಕೋಟಿನ ಕಥೆಯನ್ನೂ ಹೇಳಿದೆ. ಅಳಿಯ ತಲೆ ತಗ್ಗಿಸಿದ. ಮಗಳು ನಗಲಿಲ್ಲ, ಯೋಚಿಸಿದಳು. “ಹಂಗಾದ್ರೆ ಗಾಡಿ ಇರ್ಲಿ,” ಅಂದಳು.

ಮಾರನೆಯ ದಿನ ಪೇಟೆಯಿಂದ ನನಗೊಂದು ರೈನ್‌ಕೋಟು ತಂದಳು. ಬಣ್ಣ ನೋಡಿ, “ಕಾವಿ ತೊಡೋ ಯೋಗ್ಯತೆ ನಂಗಿಲ್ಲಮ್ಮ,” ಅಂದೆ.

“ಅದು ಕಾವಿ ಅಲ್ಲ ಅಪ್ಪಾಜಿ, ಪ್ಲಾಸ್ಟಿಕ್ಕು. ಅವರು ಗಾಡಿ ತೆಗೆದಾಗೆಲ್ಲ ನೀವು ಮುಂದೆ ಹೋಗಿ.”

ಈಗ ಪ್ರತಿ ಭಾನುವಾರ ಕಡೂರಿನಿಂದ ತರೀಕೆರೆಗೆ ನಾನು ಮುಂದೆ, ಅರಚುತ್ತಾ ಅಳಿಯ ಹಿಂದೆ. ಒಳಗಿರುವುದು ಮಾವನೆಂದು ಗೊತ್ತಿದ್ದರೂ ಆ ಬಣ್ಣವನ್ನು ದಾಟಲು ಅವನಿಗೆ ಕೈ ಬರುವುದಿಲ್ಲ. ತೊಂದರೆಯೆಂದರೆ, ಅವನ ಹಿಂದೆ ಊರಿನವರದೂ ಒಂದು ಸಾಲು ಬರುತ್ತಿದೆ. ಹೋದ ವಾರ ಬೀರೂರಿನಲ್ಲಿ ಒಬ್ಬರು ಕಾಲಿಗೂ ಬಿದ್ದರು. ಅದಕ್ಕೇ ಕೈಮುಗಿದು ಕೇಳುತ್ತೇನೆ, ಓದಿದವರು ಈ ಕಥೆಯನ್ನು ಆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಹೇಳಿ. ಮುಂದೆ ಹೋಗುತ್ತಿರುವುದು ಸ್ವಾಮಿಗಳಲ್ಲ, ಮಾವ. ಧಾರಾಳವಾಗಿ ದಾಟಬಹುದು. ಅಳಿಯನ ಕಿವಿಗೆ ಮಾತ್ರ ಬೀಳದಿರಲಿ.