ಕಲ್ಲಿನಾಥ ಮಾಸ್ತರರ ಟಂಟಂ ಸಿದ್ಧಾಂತ

ಆ ದಿನದ ಅನಾಹುತಕ್ಕೆಲ್ಲ ಮೂಲ, ಕಲ್ಲಿನಾಥ ಮಾಸ್ತರರ ಭಾವಮೈದುನ ಹೇಳದೆ ಕೇಳದೆ ಅವರ ಮೋಟರ್‌ಸೈಕಲ್ ತೆಗೆದುಕೊಂಡು ಹೋದದ್ದು. ಬೇರೆ ದಿನವಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದರು. ಇವತ್ತು ಹನ್ನೊಂದು ಗಂಟೆಗೆ ಮಾದನಹಿಪ್ಪರಗಾದ ಖಾಸಗಿ ಕಾಲೇಜಿನಲ್ಲಿ ಅವರು ಮಾದರಿ ಪಾಠ ಮಾಡಿ ತೋರಿಸಬೇಕಿತ್ತು. ಪಾಠ ಮೆಚ್ಚಿಗೆಯಾದರೆ ಅರ್ಥಶಾಸ್ತ್ರದ ಕಾಯಂ ಕೆಲಸ.

ಹನ್ನೆರಡು ವರ್ಷದಿಂದ ಅವರು ಬೇರೊಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಅತಿಥಿಯಂತೆ! ಹನ್ನೆರಡು ವರ್ಷ ಒಂದೇ ಮನೆಯಲ್ಲಿ ದುಡಿದವನನ್ನು ಯಾರಾದರೂ ಅತಿಥಿ ಎನ್ನುತ್ತಾರೆಯೇ? ಪ್ರತಿ ಜೂನ್‌ನಲ್ಲೂ 'ಈ ಸಲ ಕರೆಯುತ್ತೇವೋ ಇಲ್ಲವೋ ನೋಡೋಣ' ಎಂದು ಕೇಳಿಸಿಕೊಂಡು ಅವರಿಗೆ ಸಾಕಾಗಿತ್ತು. ಈ ಕಾಯಂ ಕೆಲಸಕ್ಕೆ ಇನ್ನೊಬ್ಬರೂ ಬರುತ್ತಾರೆ ಎಂದು ಹಿಪ್ಪರಗಾದ ಕಾಲೇಜಿನವರು ಹೇಳಿದ್ದರು. ಯಾರೆಂದು ಮಾಸ್ತರರು ವಿಚಾರಿಸಿರಲಿಲ್ಲ. ಯಾರಾದರೇನು, ಒಬ್ಬರ ನಡೆ ನೋಡಿ ಇನ್ನೊಬ್ಬರು ನಡೆ ಇಡುವ ಲೆಕ್ಕದ ಗೇಮ್ ಥಿಯರಿಯಲ್ಲಿ ತಮ್ಮನ್ನು ಮೀರಿಸುವವರು ಈ ಮೂರು ತಾಲ್ಲೂಕಿನಲ್ಲಿ ಇಲ್ಲ ಎಂಬುದು ಅವರ ನಂಬಿಕೆ.

ಒಂಬತ್ತೂ ಮುಕ್ಕಾಲಿಗೆ ಆಳಂದದ ಸ್ಟ್ಯಾಂಡಿಗೆ ಬಂದರೆ ಗೌಸಮೊಹಿದ್ದೀನ ತನ್ನ ಟಂಟಂ, ಅಂದರೆ ಮಂದಿ ತುಂಬಿ ಒಯ್ಯುವ ದೊಡ್ಡ ಆಟೊದ ಪಕ್ಕದಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದ: "ಹಿಪ್ಪರಗಾ, ಹಿಪ್ಪರಗಾ! ಒಂದೇ ಸೀಟ್!" ಮಾಸ್ತರರು ಓಡಿ ಹೋಗಿ ಹತ್ತಿದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಎಂಟು ಮಂದಿ ತುಂಬದೆ ಟಂಟಂ ಹೊರಡುವುದಿಲ್ಲ. ಕಾಲು ತಾಸು ಕಳೆದರೂ ಒಬ್ಬರೂ ಹತ್ತಲಿಲ್ಲ. ತಗಡಿನ ಮಾಡು ಕಾದು ಮಾಸ್ತರರ ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಅತ್ತ ಬೇವಿನ ಗಿಡದ ನೆರಳಲ್ಲಿ ಎಂಟು ಮಂದಿ ತಣ್ಣಗೆ ನಿಂತು ಇವರನ್ನೇ ನೋಡುತ್ತಿದ್ದರು. ಮಾಸ್ತರರು ಸಿಟ್ಟಿನಿಂದ ಇಳಿದು ಅಲ್ಲಿಗೇ ಹೋದರು.

"ನೀವೆಲ್ಲ ಹಿಪ್ಪರಗಾಕ್ಕ ಬರೋರಲ್ಲೇನ್ರಿ?"

"ಹೌದ್ರಿ, ಎಲ್ಲಾರೂ ಅಲ್ಲಿಗೇ," ಎಂದರು ಬಟ್ಟೆ ವ್ಯಾಪಾರದ ಉಸ್ಮಾನಸಾಬರು.

"ಮತ್ತ ಯಾಕ ಕೂಡವಲ್ರಿ?"

"ಗಾಡಿ ತುಂಬ್ಲಿ ಅಂತ ನೋಡಾಕತ್ತೇವ್ರಿ."

"ನೀವು ಕುಂತ್ರ ತುಂಬ್ತದಲ್ರಿ!"

"ಮೊದ್ಲ ಕುಂತವ ಬಿಸಲಾಗ ಬೇಯಬೇಕ್ರಿ. ಆಮ್ಯಾಲ ಎಲ್ಲಾರೂ ಬಂದು ಅವನ್ನ ನಡುವ ಒತ್ತಿಬಿಡ್ತಾರ. ನಿಮ್ಮಂಥಾ ಒಬ್ಬ ದೊಡ್ಡ ಮನಷ್ಯಾ ಕುಂತಾನಲ್ಲ, ಸಾಕು."

ರಿಪೇರಿಯಾದ ಕುಕ್ಕರ್ ಕಂಕುಳಲ್ಲಿ ಹಿಡಿದಿದ್ದ ಅಮೀರುನ್ನಿಸಾ ಬಾಯಿ ಹಾಕಿದಳು. "ಅಷ್ಟ್ರಾಗ ಬಸ್ ಬಂದ್ರ? ನಮಗ ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಅದ. ಇದ್ರಾಗ ಕುಂತು ಯಾಕ ರೊಕ್ಕ ಕೊಡ್ಲಿ?"

ಮಾಸ್ತರರಿಗೆ ಮೈಯೆಲ್ಲ ಉರಿಯಿತು. ಕೈಯಲ್ಲಿ ಸೀಮೆಸುಣ್ಣ ಇಲ್ಲದಿದ್ದರೂ ಅಲ್ಲೇ ಪಾಠ ಶುರು ಮಾಡಿದರು. "ಇದಕ್ಕೇ ಗೇಮ್ ಥಿಯರಿ ಅಂತಾರ್ರಿ! ಒಬ್ಬೊಬ್ಬರೂ ಶ್ಯಾಣ್ಯಾರಂಗ ವಿಚಾರ ಮಾಡಾಕತ್ತೀರಿ, ಎಲ್ಲಾರೂ ಕೂಡಿ ಹುಚ್ಚರಂಗ ನಿಂತೀರಿ. ಎಂಟೂ ಮಂದಿ ಒಮ್ಮೆಲೇ ಕುಂತ್ರ ಯಾರಿಗೂ ಲುಕ್ಸಾನ ಇಲ್ಲ!"

ಫೈಲನ್ನು ಎದೆಗೆ ಅವಚಿಕೊಂಡು ನಿಂತಿದ್ದ ತರುಣಿಯೊಬ್ಬಳು ಗಮನವಿಟ್ಟು ಕೇಳುತ್ತಿದ್ದಳು. ಮಹಿಳಾ ಸಂಘದ ಕೆಲಸಕ್ಕೆ ಬ್ಯಾಂಕಿಗೆ ಹೊರಟವಳಿರಬೇಕು ಎಂದುಕೊಂಡರು ಮಾಸ್ತರರು.

"ಮೊದ್ಲ ಕುಂತವಂಗ ಲುಕ್ಸಾನ ಅಂತ ಗೊತ್ತಿದ್ದೂ ನೀವ್ಯಾಕ ಮೊದ್ಲ ಕುಂತ್ರಿ ಸರ್?" ಎಂದು ಅವಳು ಕೇಳಿದಳು.

ಗಿಡದ ಕೆಳಗೆಲ್ಲ ನಗೆ. ಮಾಸ್ತರರು ಎರಡೂ ಕೈ ಎತ್ತಿ ಆಜ್ಞೆ ಮಾಡಿದರು.

"ನಾ ಮೂರು ಅಂದಕೂಡಲೇ ಎಲ್ಲಾರೂ ಕೂಡ್ರಬೇಕು. ಒಂದು... ಎರಡು... ಮೂರು!"

ಒಬ್ಬರೂ ಅಲುಗಲಿಲ್ಲ. ಪಕ್ಕದವರು ಕೂಡುತ್ತಾರೋ ಎಂದು ಎಲ್ಲರೂ ಎಲ್ಲರ ಮುಖ ನೋಡಿದರು. ಉಸ್ಮಾನಸಾಬರು ಒಂದು ಕಾಲು ಎತ್ತಿದ್ದರು, ಅದನ್ನೂ ಮೆಲ್ಲಗೆ ಕೆಳಗಿಟ್ಟರು.

"ಭರೋಸಾ ಇಲ್ಲೇನ್ರಿ ನಿಮಗ ಮನಷ್ಯಾರ ಮ್ಯಾಲ?" ಎಂದು ಮಾಸ್ತರರು ಕೂಗಿದರು. ಆಮೇಲೆ ಎರಡನೆಯ ಉಪಾಯ ಹೇಳಿದರು: ಕೂಡಲಾರದವರು ಗುರುತಿಗೆ ಏನಾದರೂ ಸೀಟಿನ ಮೇಲೆ ಇಡಲಿ. ಒಮ್ಮೆ ಇಟ್ಟಮೇಲೆ ಹಿಂದೆ ಸರಿಯುವಂತಿಲ್ಲ.

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕೆ? ನಿಮಿಷದಲ್ಲಿ ಐದು ಟವೆಲ್, ಒಂದು ಓಢಣಿ, ಒಂದು ಕುಕ್ಕರ್, ಒಂದು ಫೈಲು ಟಂಟಂ ಏರಿ ಕುಳಿತವು. ಗಾಡಿ ತುಂಬಿತು, ಮಂದಿ ಮಾತ್ರ ನೆರಳು ಬಿಟ್ಟು ಬರಲಿಲ್ಲ. ಹತ್ತೂ ಕಾಲಾಯಿತು.

ಮಾಸ್ತರರು ಗೌಸಮೊಹಿದ್ದೀನನ ಕಿವಿಯಲ್ಲಿ ಹೇಳಿದರು. "ಗಾಡಿ ಚಾಲೂ ಮಾಡು. ಹಂಗೇ ನಾಕ ಮಾರು ಮುಂದ ಬಿಡು. ಸೀಟ್ ಹೋಗ್ತದ ಅಂತ ಅಂಜಿಕಿ ಹುಟ್ಟಬೇಕು."

ಅವನು ಹಾಗೇ ಮಾಡಿದ. ಟಂಟಂ ಕದಲಿದ್ದೇ ತಡ, ಎಂಟೂ ಮಂದಿ ಬಿದ್ದು ಎದ್ದು ಓಡಿ ತಂತಮ್ಮ ಟವೆಲಿನ ಮೇಲೆ ಕುಳಿತರು. ಮಾಸ್ತರರು ನಡುರಸ್ತೆಯಲ್ಲಿ ನಿಂತು ತಮ್ಮ ಸಿದ್ಧಾಂತ ಗೆದ್ದ ಸಂತೋಷಕ್ಕೆ ಚಪ್ಪಾಳೆ ಹೊಡೆದರು. ಆಮೇಲೆ ಹತ್ತಲು ಹೋದರು.

"ಎಂಟು ಮಂದಿ ಆದ್ರು ಸರ್," ಎಂದ ಗೌಸಮೊಹಿದ್ದೀನ. "ಮುಂದ ಪೊಲೀಸ್ರು ನಿಂತಾರ, ಒಂಬತ್ತು ಒಯ್ಯಂಗಿಲ್ಲ."

"ಏ, ಐಡಿಯಾ ನಂದೋ ಮಾರಾಯ! ಎಲ್ಲಾರಕಿಂತ ಮೊದ್ಲ ಕುಂತವ ನಾನು!"

"ಆದ್ರ ನಿಮ್ಮ ಟವೆಲ್ ಎಲ್ಲದ್ರಿ?" ಎಂದು ಉಸ್ಮಾನಸಾಬರು ನ್ಯಾಯ ಹೇಳಿದರು. ಟಂಟಂ ಹೊಗೆ ಬಿಟ್ಟು ಹೋಯಿತು.

ಇದು ಯಾವ ಊರಿನ ನ್ಯಾಯ? ಅರ್ಧ ತಾಸು ಅದನ್ನೇ ಗೊಣಗುತ್ತ ನಿಂತ ಮೇಲೆ ಬಸ್ಸು ಬಂತು. ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ಮಾಸ್ತರರಿಗೆ ಒಂದು ಸಮಾಧಾನ ಹೊಳೆಯಿತು. ಗೇಮ್ ಥಿಯರಿ ಪುಸ್ತಕದಲ್ಲಿರುವ ಇಬ್ಬರು ಕೈದಿಗಳ ಉದಾಹರಣೆ ಹಳಸಿತ್ತು. ಅದರ ಬದಲು ಈ ಟಂಟಂ ಕತೆಯನ್ನೇ ಪಾಠ ಮಾಡಿದರೆ? ಇಂಥ ಉದಾಹರಣೆ ಯಾವ ಪುಸ್ತಕದಲ್ಲೂ ಸಿಗದು!

ಕಾಲೇಜು ಮುಟ್ಟಿದಾಗ ಹನ್ನೊಂದೂವರೆ. ಆಡಳಿತ ಮಂಡಳಿಯ ಅಧ್ಯಕ್ಷ ಮಲ್ಲಣ್ಣನವರು ಗಡಿಯಾರ ನೋಡಿ, "ಹನ್ನೊಂದು ಅಂದ್ರ ಹನ್ನೊಂದ್ರಿ. ಇರ್ಲಿ, ದೂರದಿಂದ ಬಂದೀರಿ, ಹತ್ತು ಮಿನಿಟ್ ಹೇಳ್ರಿ," ಎಂದರು.

ಮಾಸ್ತರರು ತುಂಬಿದ ತರಗತಿಯ ಮುಂದೆ ನಿಂತು ಶುರು ಮಾಡಿದರು. "ಒಂದು ಟಂಟಂ ನಿಂತಿದೆ. ಎಂಟು ಮಂದಿ ನೆರಳಲ್ಲಿದ್ದಾರೆ. ಯಾರೂ ಮೊದಲು ಕೂಡುವುದಿಲ್ಲ. ಈಗ ಏನು ಮಾಡಬೇಕು?"

"ಟವೆಲ್ ಹಾಕಸ್ಬೇಕ್ರಿ ಸರ್!" ಎಂದಳು ಮುಂದಿನ ಬೆಂಚಿನ ಹುಡುಗಿ. ಎಂಥಾ ಬುದ್ಧಿವಂತ ಮಕ್ಕಳು ಎಂದು ಮಾಸ್ತರರು ಹಿಗ್ಗಿದರು.

"ಗಾಡಿ ಸ್ವಲ್ಪ ಮುಂದ ಬಿಡ್ಬೇಕ್ರಿ!" ಎಂದ ಇನ್ನೊಬ್ಬ. ಮಾಸ್ತರರ ಹಿಗ್ಗು ಅಷ್ಟಕ್ಕೇ ನಿಂತಿತು.

"ಆಮ್ಯಾಲ ಐಡಿಯಾ ಕೊಟ್ಟವಂಗೇ ಸೀಟ್ ಇರಂಗಿಲ್ರಿ ಸರ್!" ಎಂದು ಇಡೀ ತರಗತಿ ಕೂಗಿತು.

ಮಲ್ಲಣ್ಣನವರು ಎದ್ದು ನಿಂತರು. "ಮಾಸ್ತರ, ಕಾಪಿ ಹೊಡೆಯಾಕೂ ಒಂದ್ ಮಿತಿ ಇರ್ಬೇಕ್ರಿ. ಅರ್ಧಾ ತಾಸಿನ ಹಿಂದ ಪಂಚಶೀಲಾ ಮೇಡಮ್ಮೋರು ಇದೇ ಪಾಠ ಮಾಡ್ಯಾರ. ಬಾಗಲದಾಗ ನಿಂತು ಕೇಳಿದ್ರೇನು?"

ಹಿಂದಿನ ಬೆಂಚಿನಲ್ಲಿ ಫೈಲು ಹಿಡಿದು ಕುಳಿತಿದ್ದಳು, ಮುಂಜಾನೆ ಅವರು ಬ್ಯಾಂಕಿಗೆ ಹೊರಟವಳೆಂದುಕೊಂಡಿದ್ದ ತರುಣಿ. ಕೆಲಸಕ್ಕೆ ಬಂದ ಇನ್ನೊಬ್ಬರು ಅವಳೇ.

"ಅದು ನಂದ್ರೀ! ನನ್ನ ಸ್ವಂತದ್ದು!" ಮಾಸ್ತರರು ಮೇಜು ಕುಟ್ಟಿದರು.

ಪಂಚಶೀಲಾ ಎದ್ದು ನಿಂತಳು. ಸುಳ್ಳು ಅವಳ ಸ್ವಭಾವದಲ್ಲಿರಲಿಲ್ಲ. "ಖರೇ ಅದ್ರಿ. ಆಳಂದದಾಗ ಒಬ್ಬ ಮಾಸ್ತರ್ರು ಅಂತ ನಾ ಪಾಠದಾಗ ಹೇಳಿದ್ನಲ್ರಿ, ಅವ್ರೇ ಇವ್ರು."

"ಹಂಗಂದ್ರ ಎಲ್ಲಾರಿಗೂ ಸೀಟ್ ಕೊಡಿಸಿ ತಾವು ಬಿಸಲಾಗ ನಿಂತ ಮಾಸ್ತರ ನೀವೇ ಏನ್ರಿ?" ಎಂದರು ಮಲ್ಲಣ್ಣನವರು, ನಗೆ ತಡೆದುಕೊಳ್ಳುತ್ತ.

ಮಾಸ್ತರರು ಮನಸ್ಸಿನಲ್ಲೇ ಗೇಮ್ ಥಿಯರಿಯ ಲಾಭನಷ್ಟದ ಚೌಕ ಬರೆದು ಲೆಕ್ಕ ಹಾಕಿದರು. ಅಲ್ಲ ಎಂದರೆ ಕಾಪಿ ಹೊಡೆದ ಕಳ್ಳ. ಹೌದು ಎಂದರೆ ಹುಚ್ಚ. ಚೌಕದ ಎರಡೂ ಮನೆಯಲ್ಲಿ ಕೆಲಸವಿಲ್ಲ. ಆದರೂ ಕಳ್ಳ ಅನ್ನಿಸಿಕೊಳ್ಳಲು ಅವರ ಮಾನ ಒಪ್ಪಲಿಲ್ಲ.

"ಹೌದ್ರಿ, ನಾನೇ," ಎಂದರು.

"ಪಾಠ ನಿಮ್ದು ಭಾಳ ಛಲೋ ಅದ್ರಿ. ಆದ್ರ ಅದನ್ನ ಕೇಳಿ ಸೀಟ್ ಹಿಡದವ್ರು ಇವ್ರು. ನಮ್ಮ ಹುಡುಗ್ರಿಗೆ ಇಂಥವ್ರೇ ಬೇಕ್ರಿ," ಎಂದರು ಮಲ್ಲಣ್ಣನವರು, ಪಂಚಶೀಲಾಳತ್ತ ಕೈ ತೋರಿಸಿ.

ಎರಡು ಗಂಟೆಗೆ ಮಾಸ್ತರರು ಹಿಪ್ಪರಗಾದ ಸ್ಟ್ಯಾಂಡಿನಲ್ಲಿದ್ದರು. ಅದೇ ಗೌಸಮೊಹಿದ್ದೀನ, ಅದೇ ಖಾಲಿ ಟಂಟಂ. "ಆಳಂದ, ಆಳಂದ! ಒಂದೇ ಸೀಟ್!" ಗಿಡದ ಕೆಳಗೆ ಪಂಚಶೀಲಾ ಮತ್ತು ಊರಿಗೆ ಹೊರಟ ಏಳು ವಿದ್ಯಾರ್ಥಿಗಳು. ಮಾಸ್ತರರು ಹಲ್ಲು ಕಚ್ಚಿ ತೀರ್ಮಾನಿಸಿದರು. ಸತ್ತರೂ ಇವತ್ತು ಮೊದಲು ಕೂಡುವವರು ತಾವಲ್ಲ.

"ನಾ ಮೂರು ಅಂತೇನಿ, ಎಲ್ಲಾರೂ ಕೂಡೋಣು," ಎಂದಳು ಪಂಚಶೀಲಾ. "ಸರ್, ನೀವೂ."

ಮಾಸ್ತರರು ಮನಸ್ಸಿನಲ್ಲೇ ನಕ್ಕರು. ಮೂರು ಅಂದರೆ ಯಾರೂ ಅಲುಗುವುದಿಲ್ಲ ಎಂದು ಮುಂಜಾನೆಯೇ ಅವರು ಕಣ್ಣಾರೆ ಕಂಡಿದ್ದರು. ಗಿಡಕ್ಕೆ ಒರಗಿ ಕೈಕಟ್ಟಿ ನಿಂತರು.

"ಒಂದು, ಎರಡು, ಮೂರು!"

ಹುಡುಗರಿಗೆ ಅವಳು ಈಗ ಮೇಡಂ. ಎಂಟೂ ಮಂದಿ ದಬದಬನೆ ಹತ್ತಿ ಕುಳಿತರು. ಗೌಸಮೊಹಿದ್ದೀನ ಗಾಡಿ ಚಾಲೂ ಮಾಡಿ, "ಎಂಟು ಮಂದಿ ಆದ್ರು ಸರ್," ಎಂದ.

ಟಂಟಂ ಕದಲುವಾಗ ಪಂಚಶೀಲಾ ತಲೆ ಹೊರಗೆ ಹಾಕಿ ನಿಜವಾದ ಕಳಕಳಿಯಿಂದ ಕೇಳಿದಳು: "ನೀವ್ಯಾಕ ಕೂಡಲಿಲ್ರಿ ಸರ್?"