ಮರಾಠಿ ಪರೀಕ್ಷೆಯೂ ಮರೆತ ಛತ್ರಿಯೂ

ಲಕ್ಷ್ಯ ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಸಾಲಿ ಮಾಸ್ತರರು 'ಲಕ್ಷ್ಯ ಕೊಡೋ ಲೇ' ಎಂದಾಗಲೆಲ್ಲ ಕೊಟ್ಟಿದ್ದೇನೆ. ಯಾವುದಕ್ಕೆ ಕೊಡಬೇಕೆಂದು ಮಾತ್ರ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಬಾಳಿನ ಫಜೀತಿಗಳೆಲ್ಲ ಅಲ್ಲಿಂದಲೇ ಶುರುವಾದವು.

ಜಮಖಂಡಿ ಸಂಸ್ಥಾನದ ಕಚೇರಿಯಲ್ಲಿ ನಾನು ನಕಲು ಗುಮಾಸ್ತನಾಗಿದ್ದೆ. ಹನ್ನೆರಡು ವರ್ಷ ಮರಾಠಿ ಕಾಗದಗಳನ್ನು ಮುತ್ತಿನಂಥ ಅಕ್ಷರಗಳಲ್ಲಿ ನಕಲು ಮಾಡಿದೆ. ಒಂದು ದಿನವೂ ಓದಲಿಲ್ಲ. ಒಮ್ಮೆ ಒಂದು ಕಾಗದದ ಅಂಚಿನಲ್ಲಿ 'ಈ ಪುಟ ನಕಲು ಮಾಡಬಾರದು' ಎಂದಿತ್ತಂತೆ. ಆ ಸಾಲನ್ನೂ ಅಂದವಾಗಿ ನಕಲು ಮಾಡಿ ಕೊಟ್ಟಿದ್ದೆ.

ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಮರಾಠಿಯಲ್ಲಿ ಮಾತಿನ ಪರೀಕ್ಷೆ ಪಾಸಾದರಷ್ಟೇ ನೌಕರಿ ಕಾಯಂ. ಅವಕಾಶ ಎರಡೇ ಸಲ. ಇಲ್ಲದಿದ್ದರೆ ಬನಹಟ್ಟಿಗೆ ಹೋಗಿ ಅಪ್ಪನ ಮಗ್ಗದ ಮುಂದೆ ಕೂಡಬೇಕು. ನನಗಿಂತ ಅಪ್ಪನಿಗೇ ಅದರ ಭಯ ಹೆಚ್ಚು. ನಾನು ನೇಯ್ದ ಒಂದೇ ಒಂದು ಸೀರೆಯನ್ನು ಕೊಳ್ಳುವವರಿಲ್ಲದೆ ಅವರು ಇನ್ನೂ ಗಂಟು ಕಟ್ಟಿ ಇಟ್ಟಿದ್ದರು.

ಬರೆದುಕೊಳ್ಳಲು ದಪ್ಪನೆಯ ವಹಿಯೊಂದನ್ನು ತಂದು ಕಲಿಯಲು ಕೂತೆ. ಕ್ರಿಯಾಪದಕ್ಕೆ ಕೆಂಪು ಗೆರೆ, ನಾಮಪದಕ್ಕೆ ನೀಲಿ. ಪಕ್ಕದ ಮನೆಯ ಮರಾಠಿ ಹೆಂಗಸು, ಕಾಕೂ, ಮಾತಾಡಿದರೆ ಹಿತ್ತಲ ಗೋಡೆಯ ಈಚೆ ಕೂತು ಬರೆದುಕೊಳ್ಳುತ್ತಿದ್ದೆ. ಅದೇ ಗೋಡೆಯ ಮೇಲೆ ಮೊಣಕೈಯೂರಿ ನನ್ನ ಹೆಂಡತಿ ಶಾಂತವ್ವ ಕಾಕೂನ ಜೊತೆ ಹರಟೆ ಹೊಡೆಯುತ್ತಿದ್ದಳು. ಆರು ತಿಂಗಳಲ್ಲಿ ಮರಾಠಿಯಲ್ಲಿ ಜಗಳವಾಡುವಷ್ಟು ಮುಂದುವರಿದಳು. ನನಗೆ ಹೊಟ್ಟೆಯುರಿಯಿತು.

"ಹ್ಯಾಂಗ ಕಲತಿ?" ಎಂದೆ.

"ಕಾಕೂ ಏನ ಹೇಳಾಕತ್ತಾರ ಅಂತ ಕೇಳಿದ್ನಿರಿ. ನೀವು ಹ್ಯಾಂಗ ಹೇಳತಾರ ಅಂತ ನೋಡಾಕತ್ತೀರಿ," ಎಂದಳು. ಸಾಲಿಯ ಮೆಟ್ಟಿಲು ಹತ್ತದವಳ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ವಹಿ ಹಿಡಿದು ಹೋದೆ. ಪರೀಕ್ಷೆ ಮಾಡುವ ಸಾಹೇಬರು ಬಾಯಿ ತೆರೆದರು; ನನ್ನ ಕೈ ತಾನಾಗಿ ಓಡತೊಡಗಿತು. ಎಂಥ ಸ್ವಚ್ಛ ಮರಾಠಿ! ಒಂದೊಂದು ವಾಕ್ಯವನ್ನೂ ಬಿಡದೆ ಬರೆದುಕೊಂಡೆ. ನಡುನಡುವೆ ಅವರು ಸುಮ್ಮನಾಗಿ ನನ್ನ ಮುಖ ನೋಡುತ್ತಿದ್ದರು. ನಾನು ಬರೆದು ಮುಗಿಸಲೆಂದು ಕಾಯುತ್ತಿದ್ದಾರೆಂದು ತಿಳಿದೆ. ಕೊನೆಗೆ ನಗುತ್ತ ಏನೋ ಹೇಳಿ ಎದ್ದರು; ಅದನ್ನೂ ಬರೆದುಕೊಂಡೆ. ನಕ್ಕರೆಂದರೆ ಪಾಸೇ ಎಂದುಕೊಂಡು ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

ಓಣಿಗೆಲ್ಲ ಪೇಡೆ ಹಂಚಿದ ಮೇಲೆ ಶಾಂತವ್ವನಿಗೆ ಸಾಹೇಬರ ಮರಾಠಿಯ ಸೊಗಸು ತೋರಿಸಲು ವಹಿ ತೆಗೆದು ಗಟ್ಟಿಯಾಗಿ ಓದಿದೆ. ಅವಳ ಕೈಯ ಪೇಡೆ ಬಾಯಿಯ ಹತ್ತಿರವೇ ನಿಂತಿತು.

"ಕಡೀ ಸಾಲು ಇನ್ನೊಮ್ಮೆ ಓದ್ರಿ."

ಓದಿದೆ.

"ಅಯ್ಯ, ನೀವು ನಪಾಸಾಗೀರಿ! ಆರು ತಿಂಗಳು ಬಿಟ್ಟು ಮತ್ತ ಬರ್ರಿ ಅಂದಾರ. ಹೋಗೂಮುಂದ ಛತ್ರಿ ಮರೀಬ್ಯಾಡ್ರಿ ಅಂತನೂ ಹೇಳ್ಯಾರ. ಛತ್ರಿ ಎಲ್ಲೈತ್ರಿ?"

ಛತ್ರಿ ಸಾಹೇಬರ ಕೋಣೆಯ ಮೂಲೆಯಲ್ಲಿತ್ತು. ನನ್ನ ಸೋಲನ್ನು ನನ್ನ ಕೈಯಿಂದಲೇ ಬರೆದು, ಕೆಂಪು ಗೆರೆ ಎಳೆದು ಮನೆಗೆ ತಂದಿದ್ದೆ. ಆ ರಾತ್ರಿ ಅಪ್ಪನ ಮುಖ ನೆನೆದು ನಿಜಕ್ಕೂ ಅಳು ಬಂತು.

ಮರುದಿನವೇ ಶಾಂತವ್ವ ವಹಿಯನ್ನು ನೆಲದಡಿಯ ಜೋಳದ ಹಗೇವಿಗೆ ಹಾಕಿದಳು. "ನನ್ನ ಮಾರಿ ನೋಡಿ ಮಾತಾಡ್ರಿ," ಎಂದು ಊಟ, ನೀರು, ಚಹಾ ಎಲ್ಲವನ್ನೂ ಮರಾಠಿಯಲ್ಲಿ ಕೇಳಿದರಷ್ಟೇ ಕೊಡತೊಡಗಿದಳು. ಮೊದಮೊದಲು ವ್ಯಾಕರಣ ನೆನೆಯುತ್ತ ಉಪವಾಸ ಬಿದ್ದೆ. ಹಸಿವು ನನಗೆ ಗುರುವಾಯಿತು.

ಎರಡನೆಯ ಸಲ ಪರೀಕ್ಷೆ ಮುಗಿಸಿ ಬಂದಾಗ ಅವಳು ಬಾಗಿಲಲ್ಲೇ ತಡೆದಳು.

"ಸಾಹೇಬರು ಏನಂದ್ರು?"

"ಊರು, ಮನಿ, ಮಕ್ಕಳು ಅಂತ ಮಾತಾಡಿದ್ವಿ. ಅಪ್ಪನ ಮಗ್ಗದ ಸುದ್ದಿ ಹೇಳಿದೆ, ನಕ್ಕರು. ಯಾವ ಮಾತು ಹ್ಯಾಂಗ ಅಂದ್ರೋ ಒಂದೂ ನೆನಪಿಲ್ಲ."

"ಹಂಗಾರ ಪಾಸಾಗೀರಿ ಬಿಡ್ರಿ," ಎಂದಳು. ಆದರೆ ಪೇಡೆಗೆ ದುಡ್ಡು ಕೊಡಲಿಲ್ಲ.

ವಾರದ ಮೇಲೆ ಕಾಗದ ಬಂತು. ಒಡೆದು ಮೊದಲ ಸಾಲಿಗೆ ಕಣ್ಣಿಟ್ಟೆನೋ ಇಲ್ಲವೋ, ಶಾಂತವ್ವ ಅದನ್ನು ಕಸಿದುಕೊಂಡಳು.

"ನೀವು ಮುಟ್ಟಬ್ಯಾಡ್ರಿ, ನಕಲು ಮಾಡಿಬಿಡ್ತೀರಿ," ಎಂದು, ಓದಿಸಲು ಕಾಕೂನ ಮನೆಗೆ ಒಯ್ದಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ, "ಪೇಡೆ ತರ್ರಿ!" ಎಂಬ ಅವಳ ಕೂಗು ಕೇಳಿಸಿತು.