ಡಿಮ್ಮರ್ ಹಾಕಲು ಹೋದ ಕಡೆಯೆಲ್ಲ

ಬೆಳಕು ಹಾಕಿಕೊಡಿ ಅಂತ ಕರೆದವರ ಮನೆಯಲ್ಲಿ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಬೆಳಕು ಕಮ್ಮಿ ಮಾಡಿಕೊಡಿ ಅಂದವರ ಮನೆಯಲ್ಲೇ ಅವಾಂತರವೆಲ್ಲ.

ಮೂಡಿಗೆರೆಯಲ್ಲಿ ವೈರಿಂಗ್ ಕೆಲಸ ಮಾಡುವವನು ನಾನು. ಈಚೆಗೆ ಹೋಂಸ್ಟೇ, ಹೋಟೆಲು, ಎಸ್ಟೇಟ್ ಬಂಗಲೆ ಎಲ್ಲದಕ್ಕೂ ಎಲ್‌ಇಡಿ ಸ್ಟ್ರಿಪ್ ಬೇಕು. ಸುರುಳಿಯಲ್ಲಿ ಬರುವ ದೀಪದ ಪಟ್ಟಿ, ಇನ್ನೂರ ಮೂವತ್ತು ವೋಲ್ಟಿನದು. ನೋಡೋಕೆ ರಿಬ್ಬನ್, ಮುಟ್ಟಿದರೆ ಯಮ. ಜೊತೆಗೆ ಬೆಳಕು ಏರಿಸಿ ಇಳಿಸೋಕೆ ಡಿಮ್ಮರ್. ಆ ಸ್ಟ್ರಿಪ್ಪಿಗೆ ಹೊಂದುವ ಡಿಮ್ಮರೇ ಆಗಬೇಕು, ಸ್ಟ್ರಿಪ್ಪಿನ ಒಟ್ಟು ವ್ಯಾಟಿಗಿಂತ ಅದರ ತಾಕತ್ತು ಜಾಸ್ತಿ ಇರಬೇಕು, ಮೇನ್ ಆಫ್ ಮಾಡದೆ ಕೈ ಹಾಕಬಾರದು. ಇಷ್ಟನ್ನು ಎಲ್ಲರಿಗೂ ಹೇಳುತ್ತೇನೆ. ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ತಮಗೆ ತೋಚಿದ್ದೇ ಮಾಡುತ್ತಾರೆ.

ಘಾಟಿ ಬಂದ್

ಕೊಟ್ಟಿಗೆಹಾರದ ಹೋಟೆಲ್ ಯಜಮಾನರು ಫೋನ್ ಮಾಡಿದರು. "ಡಿಮ್ಮರ್ ಬೇಡ ಅಂತ ಮನೇಲಿದ್ದ ಹಳೇ ಫ್ಯಾನ್ ರೆಗ್ಯುಲೇಟರ್ ನಾನೇ ಹಾಕ್ಕೊಂಡೆ ಮಾರಾಯ. ಸ್ವಲ್ಪ ಕಣ್ಣು ಹೊಡೀತಿದೆ, ಬಂದು ನೋಡು."

ಸ್ವಲ್ಪ ಅಲ್ಲ. ಹೋಟೆಲಿನ ಮುಂದಿನ ಶೀಟಿನ ಉದ್ದಕ್ಕೂ ಹಳದಿ ಸ್ಟ್ರಿಪ್ಪು ಪಟಪಟ ಹೊತ್ತಿ ಆರುತ್ತಿತ್ತು. ಮಂಜು ಬೇರೆ, ದೂರದಿಂದ ನೋಡಿದರೆ ಥೇಟ್ ಅಪಾಯದ ದೀಪ. ಚಾರ್ಮಾಡಿ ಕಡೆ ಹೊರಟಿದ್ದ ಕಾರು, ವ್ಯಾನು, ಒಂದು ದಿಬ್ಬಣದ ಬಸ್ಸು, ಎಲ್ಲ ರಸ್ತೆ ಬದಿಗೆ ಸಾಲಾಗಿ ನಿಂತಿವೆ. ಬಸ್ಸಿನ ಡ್ರೈವರ್ ಗಾಬರಿಯಲ್ಲಿ ಕೇಳಿದ, "ಘಾಟಿ ಬಂದ್ ಆಗಿದ್ಯಾ ಸಾರ್? ಮರ ಬಿತ್ತಾ, ಗುಡ್ಡ ಜರೀತಾ?"

"ಎರಡೂ ಇಲ್ಲ, ಫ್ಯಾನ್ ರೆಗ್ಯುಲೇಟರ್" ಅಂದೆ.

ಒಳಗೆ ಮದುಮಗ ಪೇಟದ ಸಮೇತ ಕೂತು ಎರಡನೇ ಪ್ಲೇಟ್ ಗೋಳಿಬಜೆ ತಿನ್ನುತ್ತಿದ್ದ. ಮೇನ್ ಆಫ್ ಮಾಡಿದೆ, ಟೆಸ್ಟರ್ ಹಿಡಿದು ನೋಡಿದೆ, ರೆಗ್ಯುಲೇಟರ್ ಕಿತ್ತು ಸರಿಯಾದ ಡಿಮ್ಮರ್ ಹಾಕಿದೆ. ದೀಪ ತಣ್ಣಗೆ ನಿಂತಿತು. ಐದು ನಿಮಿಷದಲ್ಲಿ ಮದುಮಗನೂ ಸೇರಿ ಎಲ್ಲರೂ ಹೊರಟುಹೋದರು.

ಯಜಮಾನರು ಖಾಲಿ ರಸ್ತೆ ನೋಡಿದರು, ಖಾಲಿ ಬೆಂಚು ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಫ್ಯಾನಿಂದೇ ವಾಪಸ್ ಹಾಕ್ಬಿಡು ಮಾರಾಯ."

ಅಜ್ಜಿಯ ಹೀಟರ್

ಕಳಸದ ಹತ್ತಿರದ ಒಂದು ಬಂಗಲೆಗೆ ಸ್ಟ್ರಿಪ್ಪಿನ ಸುರುಳಿ ತಲುಪಿಸಿ, "ನಾಳೆ ಬಂದು ಹಾಕ್ತೀನಿ. ಸುರುಳಿ ಬಿಚ್ಚದೆ ಪ್ಲಗ್ ಹಾಕಬೇಡಿ, ಕಾದು ಕರಗುತ್ತೆ" ಅಂತ ಸಾವ್ಕಾರರಿಗೆ ಹೇಳಿದ್ದೆ. ಅವರ ತಾಯಿಯ ಕಿವಿಗೆ ತಲುಪಿದ್ದು "ಪ್ಲಗ್ ಹಾಕಿದ್ರೆ ಕಾಯುತ್ತೆ" ಅನ್ನುವಷ್ಟು ಮಾತ್ರ.

ಮರುದಿನ ಹೋದರೆ ಅಜ್ಜಿ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಕೂತಿದ್ದಾರೆ. ಎದುರಿಗೆ ಝಗಮಗ ಉರಿಯುವ ಸುರುಳಿ. ಅದರ ಮೇಲೆ ಸಾವ್ಕಾರರ ಒದ್ದೆ ಸಾಕ್ಸು, ಸಾಕ್ಸಿನ ಪಕ್ಕ ಹಪ್ಪಳ, ಹಪ್ಪಳದ ಪಕ್ಕ ಬೆಕ್ಕು. ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿಹೋಗಿ ಮೇನ್ ಇಳಿಸಿದೆ.

"ಅಮ್ಮಾ, ಒದ್ದೆ ಬಟ್ಟೆ ಇಟ್ಟಿದ್ದೀರಲ್ಲ! ಶಾಕ್ ಹೊಡೆದು ಜೀವ ಹೋಗ್ತಿತ್ತು!"

ಅಜ್ಜಿ ನನ್ನನ್ನೇ ಸಮಾಧಾನ ಮಾಡಿದರು. "ನಂಗೂ ಭಯ ಇತ್ತಪ್ಪ. ಅದಕ್ಕೇ ನಾನು ಮುಟ್ಲೇ ಇಲ್ಲ. ಎಲ್ಲ ನನ್ನ ಮಗನ ಕೈಲೇ ಇಡಿಸ್ದೆ."

ಅರ್ಧ ಮೀಟರ್

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದು ರಿಟೈರ್ ಆದವರೊಬ್ಬರ ಮನೆ. ಹಾಲಿನ ಗೋಡೆ ನಾಲ್ಕೂವರೆ ಮೀಟರ್. ನಾನು ತಂದ ಸ್ಟ್ರಿಪ್ಪಿನಲ್ಲಿ ಮೀಟರಿಗೊಂದು ಕತ್ತರಿ ಗುರುತು; ಅಲ್ಲೇ ಕತ್ತರಿಸಬೇಕು, ನಡುವೆ ಕತ್ತರಿಸಿದರೆ ಆ ತುಂಡು ಹೊತ್ತುವುದಿಲ್ಲ.

"ನಾಲ್ಕು ಮೀಟರ್ ಹಾಕೋಣ ಸಾರ್."

"ಅರ್ಧ ಮೀಟರ್ ಕತ್ತಲೆ ಇಟ್ಕೊಂಡು ಹೇಗೆ ಬದುಕೋದು?"

"ಹಾಗಾದ್ರೆ ಐದು ಹಾಕಿ, ಉಳಿದದ್ದನ್ನ ಪಕ್ಕದ ಗೋಡೆಗೆ ತಿರುಗಿಸೋಣ."

"ಮೂವತ್ತು ವರ್ಷ ಮಸ್ಟರ್ ರೋಲ್ ಬರೆದಿದ್ದೀನಿ. ಒಂದು ಸಾಲು ಆಚೆ ಹೋಗಿಲ್ಲ. ನೀನು ಹೋಗು, ಹೇಳಿ ಕಳಿಸ್ತೀನಿ."

ಒಂದು ತಿಂಗಳು ಬಿಟ್ಟು ಕರೆದರು. ಹೋದರೆ ಅಂಗಳದ ತುಂಬ ಇಟ್ಟಿಗೆ, ಸಿಮೆಂಟು. ಕೊನೆಯ ಗೋಡೆ ಒಡೆದು ಹಾಲನ್ನೇ ಅರ್ಧ ಮೀಟರ್ ಮುಂದಕ್ಕೆ ಕಟ್ಟಿಸಿದ್ದರು.

ಕೆಲಸ ಮುಗಿಸಿ ಹೊರಟಾಗ ಅವರ ಹೆಂಡತಿ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು, "ಅಡುಗೆಮನೆ ದೊಡ್ಡದು ಮಾಡಿ ಅಂತ ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ಅಲ್ಲಿಗೂ ಒಂದು ಸ್ಟ್ರಿಪ್ ಬೇಕು ಅನ್ನಪ್ಪ. ಅಳತೆ ಸ್ವಲ್ಪ ಜಾಸ್ತಿನೇ ಹೇಳು."

ಭಾವ, ಭಾಮೈದ

ಅತ್ತಿಗುಂಡಿಯಲ್ಲಿ ರಸ್ತೆಯ ಈಚೆಗೆ ಭಾವನ ಹೋಂಸ್ಟೇ, ಆಚೆಗೆ ಭಾಮೈದನ ಹೋಂಸ್ಟೇ. ಒಬ್ಬರ ಬೋರ್ಡು ಇನ್ನೊಬ್ಬರ ಬೋರ್ಡಿಗೆ ಅಡ್ಡ ಬಂತು ಅಂತ ಎರಡು ವರ್ಷದಿಂದ ಮಾತಿಲ್ಲ. ಇಬ್ಬರಿಗೂ ನಾನೇ ರಿಮೋಟ್ ಡಿಮ್ಮರ್ ಹಾಕಿಕೊಟ್ಟೆ. ತಪ್ಪು ನನ್ನದೇ. ಎರಡೂ ಒಂದೇ ಡಬ್ಬಿಯಿಂದ ತೆಗೆದದ್ದು, ಒಂದೊಂದು ರಿಮೋಟನ್ನು ಅದರದರ ಡಿಮ್ಮರಿಗೆ ಮಾತ್ರ ಕೂಡಿಸಿಕೊಡೋದು ಮರೆತಿದ್ದೆ.

ಸಂಜೆ ಆಗುತ್ತಿದ್ದಂತೆ ಇಬ್ಬರದೂ ಫೋನ್. ಓಡಿದೆ. ಭಾವ ಬೆಳಕು ಇಳಿಸಿದರೆ ಆಚೆಮನೆಯದೂ ಇಳಿಯುತ್ತದೆ. ಭಾಮೈದ ಸಿಟ್ಟಿನಿಂದ ಏರಿಸಿದರೆ ಈಚೆಮನೆಯದೂ ಧಗ್ಗನೆ ಏರುತ್ತದೆ. ಎರಡು ಮನೆಯ ಗೆಸ್ಟುಗಳೂ ಇದು ಲೈಟ್ ಶೋ ಅಂದುಕೊಂಡು ಅಂಗಳಕ್ಕೆ ಬಂದು ಚಪ್ಪಾಳೆ ತಟ್ಟುತ್ತಿದ್ದಾರೆ.

ಎರಡೂ ರಿಮೋಟ್ ಇಸಕೊಂಡು ರಸ್ತೆ ನಡುವೆ ನಿಂತೆ. ಇಬ್ಬರೂ ಬಂದು ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಂತರು.

"ಒಂದನ್ನ ಕೂಡಿಸುವಾಗ ಇನ್ನೊಂದು ಮನೆ ಮೇನ್ ಆಫ್ ಇರಬೇಕು. ಮೊದಲು ಯಾರು ಆರಿಸ್ತೀರಿ?"

"ಅವನಿಗೆ ಆರಿಸೋಕೆ ಹೇಳು" ಅಂದರು ಭಾವ.

"ದೊಡ್ಡವರು ಅವರು, ಮೊದಲು ಅವರು ಆರಿಸಲಿ ಅಂತ ಹೇಳಿ" ಅಂದ ಭಾಮೈದ.

ಇಬ್ಬರ ನಡುವೆ ಎರಡು ಅಡಿ ಜಾಗ. ಅರ್ಧ ಗಂಟೆ ನಾನು ಟಪಾಲು ಹಂಚಿದೆ. ಕೊನೆಗೆ ಸಾಕಾಗಿ, "ನೀವಿಬ್ಬರೂ ಹೀಗೇ ಆಡ್ತಿದ್ರೆ ನಾನೇ ಎಲ್ಲ ಆರಿಸಿಬಿಡ್ತೀನಿ ನೋಡಿ!" ಅಂತ ಕೂಗಿ, ಸಿಟ್ಟಿನಲ್ಲಿ ಎರಡೂ ರಿಮೋಟಿನ ಬಟನ್ ಒಟ್ಟಿಗೆ ಅಮುಕಿದೆ.

ಅದೇ ಗಳಿಗೆಗೆ ಕರೆಂಟ್ ಹೋಯಿತು. ಇಡೀ ಅತ್ತಿಗುಂಡಿಗೇ.

ಎರಡು ಮನೆ, ಆಚೆಯ ಅಂಗಡಿ, ಮೇಲಿನ ಎಸ್ಟೇಟ್ ಲೈನು, ಬೀದಿ ದೀಪ, ಎಲ್ಲ ಕತ್ತಲು. ಆ ಕತ್ತಲಲ್ಲಿ, ಎರಡು ವರ್ಷದ ಮೇಲೆ ಮೊದಲ ಸಲ, ಭಾಮೈದನ ನಡುಗುವ ದನಿ ಕೇಳಿತು:

"ಭಾವಾ, ಮೊದಲು ಇವನ ಕೈಯಿಂದ ರಿಮೋಟ್ ಕಿತ್ಕೊಳ್ಳಿ! ಇನ್ನೊಂದ್ಸಲ ಒತ್ತಿದ್ರೆ ಇಡೀ ಚಿಕ್ಕಮಗಳೂರನ್ನೇ ಆರಿಸ್ತಾನೆ!"